ಅಕ್ಲೂಜ್ ಕಡೆ ಒಂದು ದಿನದ ವೈನ್ ಪ್ರವಾಸ: ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಸೋಲಾಪುರದಲ್ಲಿ. ಒಳಗೆ ಕನ್ನಡ, ಗಲ್ಲಿಯಲ್ಲಿ ಮರಾಠಿ. ಮೊದಲೆಲ್ಲ ನೆಂಟರು ಬಂದರೆ ಸಿದ್ಧೇಶ್ವರ ಗುಡಿ, ಅಕ್ಕಲಕೋಟೆ, ಎರಡು ಚಾದರ್ ಖರೀದಿ, ಅರ್ಧ ಕಿಲೋ ಶೇಂಗಾ ಚಟ್ನಿ. ಅಷ್ಟಕ್ಕೆ ಪ್ರವಾಸ ಮುಗಿಯುತ್ತಿತ್ತು. ಈಗ ಕೆಲವು ವರ್ಷಗಳಿಂದ ಹೊಸ ಬೇಡಿಕೆ ಶುರುವಾಗಿದೆ. "ನಿಮ್ಮ ಕಡೆ ವೈನ್ ಮಾಡ್ತಾರಂತಲ್ಲ, ಒಮ್ಮೆ ತೋರಸಪಾ." ವಿಜಯಪುರ, ಕಲಬುರಗಿ, ಇಂಡಿ ಕಡೆಯವರನ್ನು ಇಲ್ಲಿಯವರೆಗೆ ನಾಲ್ಕು ಸಲ ಕರೆದುಕೊಂಡು ಹೋಗಿದ್ದೇನೆ. ಪ್ರತಿ ಸಲ ಫೋನ್‌ನಲ್ಲಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಟ್ಟಿದ್ದೇನೆ.

ವೈನ್ ಪ್ರವಾಸ ಅಂದರೆ ಕುಡಿಯೋಕೆ ಹೋಗೋದು ಅಂತ ತಾನೇ?

ಈ ಅನುಮಾನಕ್ಕೆ ನಮ್ಮ ಊರಿನ ಬೋರ್ಡುಗಳೇ ಕಾರಣ. 'ವೈನ್ ಶಾಪ್' ಅಂತ ಬರೆದಿರುವ ಅಂಗಡಿಗೆ ಹೋಗಿ ನೋಡಿ. ವಿಸ್ಕಿ, ರಮ್ಮು, ಬಿಯರು ಎಲ್ಲ ಇರುತ್ತದೆ. ವೈನ್ ಕೇಳಿದರೆ ಹುಡುಗ ಮೂಲೆಯಿಂದ ಧೂಳು ಒರೆಸಿ ಒಂದು ಬಾಟಲಿ ತರುತ್ತಾನೆ. ಹಾಗಾಗಿ ವೈನ್ ಅಂದರೆ ಹೆಂಡ, ವೈನರಿ ಅಂದರೆ ದೊಡ್ಡ ಹೆಂಡದಂಗಡಿ ಅಂತ ನಮ್ಮ ಮಂದಿ ತಿಳಿದಿದ್ದಾರೆ.

ವೈನರಿ ಅಂದರೆ ದ್ರಾಕ್ಷಿ ಪಡ, ಅಂದರೆ ತೋಟ, ಮತ್ತು ಅದರ ಪಕ್ಕ ವೈನ್ ಮಾಡುವ ಒಂದು ಕಾರ್ಖಾನೆ. ಪಡದಲ್ಲಿ ಓಡಾಡಿಸುತ್ತಾರೆ, ರಸ ಹಿಂಡುವ ಯಂತ್ರ, ಟ್ಯಾಂಕು, ಪೀಪಾಯಿ ತೋರಿಸುತ್ತಾರೆ. ಕೊನೆಗೆ ಕೂರಿಸಿ ನಾಲ್ಕರಿಂದ ಆರು ಬಗೆಯ ವೈನ್ ಒಂದೊಂದು ಗುಟುಕು ರುಚಿಗೆ ಕೊಡುತ್ತಾರೆ. ಒಂದು ಸಲಕ್ಕೆ 30ರಿಂದ 50 ಎಂಎಲ್. ಕುಡಿದು ಮೈಮರೆಯಬೇಕು ಅಂತಿದ್ದವರಿಗೆ ಇದು ಸರಿಯಾದ ಜಾಗ ಅಲ್ಲ. ಅಂಥವರನ್ನು ನಾನು ಕರೆದುಕೊಂಡು ಹೋಗುವುದೂ ಇಲ್ಲ. ಒಬ್ಬ ಭಾವನನ್ನು ಒಮ್ಮೆ ಒಯ್ದು ಬುದ್ಧಿ ಬಂದಿದೆ.

ಸೋಲಾಪುರ ಜಿಲ್ಲೆಯಲ್ಲಿ ವೈನರಿ ಎಲ್ಲಿದೆ?

ಮಾಳಶಿರಸ್ ತಾಲೂಕಿನಲ್ಲಿ. ಫ್ರಾಟೆಲ್ಲಿ ಅಂತ ಹೆಸರು. ಮೋಟೆವಾಡಿ, ಗಾರವಾಡ, ನಿಮಗಾವ್ ಈ ಮೂರು ಕಡೆ ಸೇರಿ ಸುಮಾರು 240 ಎಕರೆ ಪಡ ಇದೆ. ಹತ್ತಿರದ ದೊಡ್ಡ ಊರು ನೀರಾ ನದಿ ದಂಡೆಯ ಅಕ್ಲೂಜ್. 'ಫ್ರಾಟೆಲ್ಲಿ' ಅಂದರೆ ಇಟಲಿಯ ಭಾಷೆಯಲ್ಲಿ ಅಣ್ಣತಮ್ಮಂದಿರು. ಅಕ್ಲೂಜಿನ ಮೋಹಿತೆ ಪಾಟೀಲ್ ಸೋದರರು, ದಿಲ್ಲಿಯ ಸೇಖ್ರಿ ಸೋದರರು, ಇಟಲಿಯ ಸೆಚ್ಚಿ ಸೋದರರು, ಹೀಗೆ ಮೂರು ಜೋಡಿ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ವೈನ್ ಮಾಡಿ ಕೊಡಲು ಇಟಲಿಯ ಟಸ್ಕನಿ ಸೀಮೆಯಿಂದ ಪಿಯೆರೊ ಮಾಸಿ ಎಂಬ ಪಳಗಿದ ಕೈಯನ್ನು ಕರೆಸಿದರು. ಸಸಿಗಳೂ ಹೊರದೇಶದಿಂದಲೇ ಬಂದವು. ನಮ್ಮ ಕಡೆ ಅಣ್ಣತಮ್ಮಂದಿರು ಒಂದು ಬದುವಿಗಾಗಿ ಕೋರ್ಟಿಗೆ ಅಲೆಯುತ್ತಾರೆ, ಇವರು ಮೂರು ಜೋಡಿ ಒಂದೇ ಹೊಲದಲ್ಲಿ ಹೇಗಿದ್ದಾರೋ ಅಂತ ನಮ್ಮ ಕಾಕಾಗೆ ಇನ್ನೂ ಆಶ್ಚರ್ಯ.

ಸೋಲಾಪುರದಿಂದ ಪಂಢರಪುರ ಮೇಲೆ ಹೋದರೆ ಅಕ್ಲೂಜ್ 110-120 ಕಿಲೋಮೀಟರ್. ಎರಡೂವರೆ ತಾಸು ಇಟ್ಟುಕೊಳ್ಳಿ. ವಿಜಯಪುರದವರು ಸೋಲಾಪುರಕ್ಕೆ ಬರಬೇಕಿಲ್ಲ. ಮಂಗಳವೇಢೆ ಮೇಲೆ ಪಂಢರಪುರಕ್ಕೆ ಬಂದು ಅಲ್ಲಿಂದ ಮುಂದೆ ಹೋಗಿ. ಮಂಗಳವೇಢೆ ಅಂದರೆ ಬಿಜ್ಜಳನ ಊರು, ಬಸವಣ್ಣ ಕೆಲಸ ಮಾಡಿದ ಊರು. ಅಲ್ಲಿನ ಮಾಲದಂಡಿ ಜೋಳಕ್ಕೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ವಾಪಸ್ ಬರುವಾಗ ಒಂದು ಚೀಲ ಜೋಳ ತನ್ನಿ. ಮನೆಯಲ್ಲಿ ವೈನಿಗಿಂತ ಅದಕ್ಕೇ ಜಾಸ್ತಿ ಸ್ವಾಗತ ಸಿಗುತ್ತದೆ.

ಒಂದೇ ದಿನದಲ್ಲಿ ಎರಡು ಮೂರು ವೈನರಿ ಮುಗಿಸಬಹುದಾ?

ಈ ಕಡೆ ಬೇಡ. ಒಂದು ದಿನಕ್ಕೆ ಒಂದೇ. ಪುಣೆ ದಾರಿಯಲ್ಲಿ ಪಾಟಸ್‌ನಿಂದ ಬಾರಾಮತಿ ಕಡೆ ತಿರುಗಿದರೆ ರೋಟಿ ಅನ್ನುವ ಊರಲ್ಲಿ ಫೋರ್ ಸೀಸನ್ಸ್ ವೈನರಿ ಇದೆ. ಸಾಂಗಲಿ ಜಿಲ್ಲೆಯ ಪಲೂಸ್‌ನಲ್ಲಿ ಸರಕಾರ ಕೃಷ್ಣಾ ವೈನ್ ಪಾರ್ಕ್ ಅಂತ ಜಾಗ ಮಾಡಿದೆ. ಆದರೆ ಇವೆಲ್ಲ ಒಂದೊಂದು ದಿಕ್ಕಿಗೆ. ಬೆಳಗಿನಿಂದ ಸಂಜೆವರೆಗೆ ಕಾರಿನಲ್ಲೇ ಕೂತು, ಹೋದಲ್ಲಿ ಹತ್ತು ನಿಮಿಷ ನಿಂತು ಬಂದರೆ ಏನು ಸುಖ?

ಸಾಲಾಗಿ ಮೂರು ನಾಲ್ಕು ನೋಡಲೇಬೇಕು ಅಂದರೆ ನಾಸಿಕ್‌ಗೆ ಹೋಗಿ, ಒಂದೆರಡು ರಾತ್ರಿ ಉಳಿಯಿರಿ. ಅಲ್ಲಿ ಸುಲಾ, ಯಾರ್ಕ್, ಸೋಮಾ ಎಲ್ಲ ಗಂಗಾಪುರ ಕೆರೆ ಆಸುಪಾಸಿನಲ್ಲೇ ಇವೆ. ಬೆಂಗಳೂರು ಕಡೆಯ ನೆಂಟರಿಗೆ ನಂದಿ ಬೆಟ್ಟದ ಹತ್ತಿರದ ಗ್ರೋವರ್ ಸಮೀಪ, ಅವರು ಇಷ್ಟು ದೂರ ಬರುವ ಅಗತ್ಯವೇ ಇಲ್ಲ.

ಯಾವ ತಿಂಗಳು ಬಂದರೆ ಚೆನ್ನ?

ಫೆಬ್ರವರಿ. ಇದರಲ್ಲಿ ಎರಡು ಮಾತಿಲ್ಲ.

ದ್ರಾಕ್ಷಿ ಬೆಳೆಯುವ ಮನೆಯವರಿಗೆ ಇದು ಗೊತ್ತೇ ಇದೆ. ನಮ್ಮ ಬಿಸಿಲುಸೀಮೆಯಲ್ಲಿ ಬಳ್ಳಿ ಮಲಗುವುದೇ ಇಲ್ಲ. ಯುರೋಪಿನಲ್ಲಿ ಚಳಿಗೆ ಎಲೆ ಉದುರಿಸಿ ನಾಲ್ಕು ತಿಂಗಳು ನಿದ್ದೆ ಮಾಡುತ್ತದೆ. ಇಲ್ಲಿ ಆ ಕೆಲಸವನ್ನು ಕತ್ತರಿ ಮಾಡಬೇಕು. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ), ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಮೊದಲನೆಯದು ಕಡ್ಡಿ ಬೆಳೆಸಲು, ಎರಡನೆಯದು ಹಣ್ಣಿಗೆ. ಎರಡು ಚಾಟ್ನಿಗೆ ಒಂದೇ ಬೆಳೆ. ಕಟಾವು ಜನವರಿಯಿಂದ ಮಾರ್ಚ್‌ವರೆಗೆ. ಫೆಬ್ರವರಿಯಲ್ಲಿ ಹೋದರೆ ಗೊಂಚಲು ಬಳ್ಳಿಯಲ್ಲೇ ಇರುತ್ತವೆ, ಇನ್ನೊಂದು ಕಡೆ ಕ್ರೇಟುಗಳು ಬಂದು ಬೀಳುತ್ತಿರುತ್ತವೆ, ಟ್ಯಾಂಕಿನಲ್ಲಿ ರಸ ಬುರುಬುರು ಅನ್ನುತ್ತಿರುತ್ತದೆ. ಆ ವಾಸನೆ ಬೇರೆ ಯಾವ ತಿಂಗಳಲ್ಲೂ ಇರುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಬರಬೇಡಿ. ಸೋಲಾಪುರದ ಬಿಸಿಲಲ್ಲಿ ಬೋಳು ಕಡ್ಡಿ ನೋಡಿ ಏನು ಮಾಡ್ತೀರಿ? ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತದೆ, ಹಣ್ಣು ಮಾತ್ರ ಇರುವುದಿಲ್ಲ. ಆಷಾಢದಲ್ಲಂತೂ ದಾರಿಯೇ ಸಿಗುವುದಿಲ್ಲ. ತುಕಾರಾಮರ ಪಾಲಖಿ ಅಕ್ಲೂಜ್ ಮೇಲೆ, ಜ್ಞಾನೇಶ್ವರರ ಪಾಲಖಿ ಮಾಳಶಿರಸ್, ವೇಳಾಪುರ ಮೇಲೆ ಪಂಢರಪುರಕ್ಕೆ ಸಾಗುವ ಕಾಲ ಅದು. ಆ ವಾರ ಆ ರಸ್ತೆ ವಾರಕರಿಗಳದ್ದು, ಅಂದರೆ ಪಾಲಖಿ ಜೊತೆ ನಡೆದು ಹೋಗುವ ವಿಠೋಬನ ಭಕ್ತರದ್ದು. ಕಾರು ತೆಗೆದುಕೊಂಡು ನಡುವೆ ನುಗ್ಗಬೇಡಿ.

ನಮ್ಮ ಹೊಲದಲ್ಲೂ ದ್ರಾಕ್ಷಿ ಇದೆಯಲ್ಲ, ಅದರಿಂದ ಯಾಕೆ ವೈನ್ ಮಾಡಲ್ಲ?

ಇದನ್ನು ಕೇಳಿದವರು ತಿಕೋಟಾ ಕಡೆಯ ನಮ್ಮ ಕಾಕಾ. ಮೂವತ್ತು ವರ್ಷದಿಂದ ಪಡ ಇಟ್ಟವರು. ತಿನ್ನುವ ಹಣ್ಣು, ಉಳಿದದ್ದು ಮಣೂಕ, ಅಂದರೆ ಒಣದ್ರಾಕ್ಷಿ. ಅವರನ್ನು ಕರೆದುಕೊಂಡು ಹೋದ ದಿನ ಗೈಡ್ ಹುಡುಗನ ಗತಿ ನೋಡಬೇಕಿತ್ತು.

ಮೊದಲು ಕಾಕಾಗೆ ಕಂಡದ್ದು ಕಾಳಿನ ಗಾತ್ರ. "ಇಷ್ಟು ಸಣ್ಣದಾ? ಜಿಎ ಹೊಡೆದಿಲ್ಲೇನು?" ತಿನ್ನುವ ದ್ರಾಕ್ಷಿಗೆ ಕಾಳು ಉಬ್ಬಬೇಕು, ಉದ್ದ ಆಗಬೇಕು, ಸಿಪ್ಪೆ ತೆಳುವಾಗಬೇಕು, ಬೀಜ ಇರಬಾರದು. ಕಾಳು ಉಬ್ಬಿ ಉದ್ದ ಆಗಲಿ ಅಂತ ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆ ಚೋದಕದ ದ್ರಾವಣದಲ್ಲಿ ಗೊಂಚಲು ಅದ್ದುತ್ತಾರೆ. ವೈನ್ ದ್ರಾಕ್ಷಿಗೆ ಎಲ್ಲ ಉಲ್ಟಾ. ಕಾಳು ಸಣ್ಣದಿರಬೇಕು, ಸಿಪ್ಪೆ ದಪ್ಪ ಇರಬೇಕು, ಬೀಜ ಇದ್ದರೂ ನಡೆಯುತ್ತದೆ. ಯಾಕೆಂದರೆ ಬಣ್ಣ, ವಾಸನೆ, ಒಗರು ಬಹುಪಾಲು ಸಿಪ್ಪೆಯಲ್ಲಿದೆ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ.

ಆಮೇಲೆ ಬ್ರಿಕ್ಸ್ ಮಾತು ಬಂತು. ಬ್ರಿಕ್ಸ್ ಅಂದರೆ ರಸದಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ. ತಿನ್ನುವ ಹಣ್ಣು 18ರ ಸುತ್ತಮುತ್ತ ಬಂದರೆ ಕೊಯ್ಲು. ವೈನ್ ದ್ರಾಕ್ಷಿಯನ್ನು 22-24 ಬರುವ ತನಕ ಬಿಡುತ್ತಾರೆ. ಯೀಸ್ಟ್ ಈ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇಕಡಾ 1 ಆಲ್ಕೋಹಾಲ್. ಅದೇ ಲೆಕ್ಕದಲ್ಲಿ 23 ಬ್ರಿಕ್ಸ್ ರಸದಿಂದ ಶೇಕಡಾ 13ರ ವೈನ್. ಸಿಹಿ ಒಂದೇ ಸಾಲದು, ಹುಳಿಯೂ ಉಳಿದಿರಬೇಕು. ನಮ್ಮ ಹಣ್ಣಿನಲ್ಲಿ ಹುಳಿ ಕಡಿಮೆ. ವೈನ್ ಮಾಡಿದರೆ ಸಪ್ಪೆ ಆಗುತ್ತದೆ.

ಕಾಕಾಗೆ ಸಹಿಸಲು ಆಗದೇ ಹೋದದ್ದು ಇದಲ್ಲ. ಇಳುವರಿ ಜಾಸ್ತಿ ಆಗಬಾರದು ಅಂತ ಹಸಿ ಗೊಂಚಲುಗಳನ್ನೇ ಕಿತ್ತು ಕೆಳಗೆ ಹಾಕುತ್ತಾರೆ ಅಂತ ಹುಡುಗ ಹೇಳಿದ. ಉಳಿದ ಗೊಂಚಲಿಗೆ ಸತ್ವ ಹೋಗಲಿ ಅಂತ. ಕಾಕಾ ಅಲ್ಲೇ ನಿಂತುಬಿಟ್ಟರು. "ಬೇಕಂತ ಕಿತ್ತು ಒಗೀತಾರೇನು?" ವಾಪಸ್ ಬರುವಾಗ ಮಂಗಳವೇಢೆ ತನಕ ಅದೇ ಮಾತು. ಅವರಿಗೆ ವೈನ್ ಹೇಗಿತ್ತು ಅಂತ ಕೇಳಿದರೆ ಈಗಲೂ ಸರಿಯಾಗಿ ಹೇಳುವುದಿಲ್ಲ. ಆ ಗೊಂಚಲುಗಳ ಕಥೆ ಮಾತ್ರ ಊರಿಗೆಲ್ಲ ಹೇಳಿದ್ದಾರೆ.

ನನ್ನ ಅನುಭವ ಇಷ್ಟು: ಒಕ್ಕಲುತನ ಬಲ್ಲವರು ಒಬ್ಬರು ಜೊತೆಗಿದ್ದರೆ ಗ್ಲಾಸಿನ ಭಾಗಕ್ಕಿಂತ ಪಡದ ಭಾಗವೇ ರುಚಿ. ಅವರನ್ನು ಬಿಟ್ಟು ಹೋಗಬೇಡಿ.

ಕಾರ್ಖಾನೆಯಲ್ಲಿ ಏನು ನೋಡಬೇಕು?

ಕೆಂಪು ವೈನ್ ಮತ್ತು ಬಿಳಿ ವೈನಿನ ದಾರಿ ಎಲ್ಲಿ ಬೇರೆಯಾಗುತ್ತದೆ ಅನ್ನೋದನ್ನು ನೋಡಿ. ಬಿಳಿಗೆ ಹಣ್ಣು ಬಂದ ಕೂಡಲೇ ಹಿಂಡಿ ಸಿಪ್ಪೆ ಆಚೆ ಹಾಕುತ್ತಾರೆ, ಬರೀ ರಸ ಟ್ಯಾಂಕಿಗೆ. ಕೆಂಪಿಗೆ ಸಿಪ್ಪೆ ಸಮೇತ ದಿನಗಟ್ಟಲೆ ಹುದುಗಲು ಬಿಡುತ್ತಾರೆ. ಹೆಚ್ಚಿನ ಕಪ್ಪು ದ್ರಾಕ್ಷಿಯ ಒಳಗಿನ ರಸ ಬಿಳಿಯೇ, ಬಣ್ಣ ಇಳಿಯುವುದು ಸಿಪ್ಪೆಯಿಂದ. ಕೆಲವೇ ತಾಸು ಸಿಪ್ಪೆ ಜೊತೆ ಬಿಟ್ಟರೆ ಗುಲಾಬಿ ಬಣ್ಣದ ರೋಸೆ.

ಸ್ಟೀಲ್ ಟ್ಯಾಂಕಿನ ಹೊರಗೆ ಮಂಜು ಕಟ್ಟಿರುತ್ತದೆ, ಮುಟ್ಟಿ ನೋಡಿ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. ತಣ್ಣಗಿಡದಿದ್ದರೆ ವಾಸನೆ ಹಾರಿಹೋಗುತ್ತದೆ. ಓಕ್ ಮರದ ಪೀಪಾಯಿ ಸಾಮಾನ್ಯವಾಗಿ 225 ಲೀಟರ್. ಪೀಪಾಯಿ ಕೋಣೆಯಲ್ಲಿ ಫೋಟೋ ತೆಗೆಯಲು ಎಲ್ಲರೂ ಮುಗಿಬೀಳುತ್ತಾರೆ. ನಿಮಗೂ ತಪ್ಪಿದ್ದಲ್ಲ.

ರುಚಿ ನೋಡೋದು ಹೇಗೆ? ನಮಗೇನೂ ಗೊತ್ತಾಗಲ್ಲ, ನಾಚಿಕೆ ಆಗುತ್ತೆ

ನಾಚಿಕೊಳ್ಳುವುದು ಏನೂ ಇಲ್ಲ. ಮಾವಿನ ಹಣ್ಣು ಮೂಸಿ ನೋಡಿ ಆಪೂಸ್ ಯಾವುದು, ನಾಟಿ ಯಾವುದು ಅಂತ ಹೇಳುವ ಮೂಗು ನಿಮ್ಮದು. ಅದೇ ಮೂಗು ಇಲ್ಲಿಯೂ ಸಾಕು.

ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆ ಹಿಡಿಯಬೇಡಿ. ಅಂಗೈ ಬಿಸಿಗೆ ವೈನ್ ಕಾಯುತ್ತದೆ. ಬಣ್ಣ ನೋಡಿ. ಮೇಜಿನ ಮೇಲೆ ಇಟ್ಟುಕೊಂಡೇ ಗ್ಲಾಸನ್ನು ಎರಡು ಸುತ್ತು ತಿರುಗಿಸಿ. ಗಾಳಿಯಲ್ಲಿ ತಿರುಗಿಸಲು ಹೋಗಿ ನಮ್ಮ ಒಬ್ಬರು ಪಕ್ಕದವರ ಬಿಳಿ ಅಂಗಿಗೆ ಶಿರಾಜ್ ಎಂಬ ಕೆಂಪು ವೈನಿನ ಅಭಿಷೇಕ ಮಾಡಿದ್ದಾರೆ. ಆಮೇಲೆ ಮೂಗು ಒಳಗಿಟ್ಟು ಮೂಸಿ. ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬ ಆಡಿಸಿ, ನುಂಗಿ. ನುಂಗಿದ ಮೇಲೆ ಏನು ಉಳಿಯುತ್ತದೆ ಅಂತ ಕಾಯಿರಿ. ಬಿಳಿ ಮೊದಲು, ರೋಸೆ ಆಮೇಲೆ, ಕೆಂಪು ಕೊನೆಗೆ. ಸಿಹಿ ವೈನ್ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ.

ಗೈಡ್ ಹೇಳುವ ಹಣ್ಣುಗಳ ಹೆಸರಲ್ಲಿ ಅರ್ಧ ನಾವು ತಿಂದೇ ಇಲ್ಲ. ಪೀಚ್ ವಾಸನೆ, ಗೂಸ್‌ಬೆರಿ ವಾಸನೆ ಅಂದರೆ ಸುಮ್ನೆ ತಲೆ ಆಡಿಸಬೇಡಿ. ನಿಮ್ಮ ಅಡುಗೆಮನೆಯ ವಾಸನೆಗೆ ಹೋಲಿಸಿ. ಸೋವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನ್‌ನಲ್ಲಿ ನನಗೆ ಸಿಕ್ಕಿದ್ದು ಅರೆಹಣ್ಣಾದ ಪೇರಲ, ಆಗತಾನೇ ಕೊಯ್ದ ಹಸಿಹುಲ್ಲು. ಶೆನಿನ್ ಬ್ಲಾಂಕ್ ಕೂಡ ಬಿಳಿಯೇ, ಆದರೆ ಮೆತ್ತಗೆ, ಸೇಬು ಮತ್ತು ಸ್ವಲ್ಪ ಜೇನು. ಶಿರಾಜ್‌ನಲ್ಲಿ ಕರಿಮೆಣಸು. ಇದು ಬರೀ ಕಲ್ಪನೆ ಅಲ್ಲ. ಮೆಣಸಿಗೆ ಆ ಘಾಟು ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ಸಿಪ್ಪೆಯಲ್ಲೂ ಇದೆ. ಸಾಂಜೊವೇಸೆ ಇಟಲಿಯ ಟಸ್ಕನಿಯ ದ್ರಾಕ್ಷಿ, ಇಲ್ಲಿ ಅದನ್ನು ವಿಶೇಷವಾಗಿ ಬೆಳೆಸಿದ್ದಾರೆ. ಅದನ್ನು ಕ್ಯಾಬರ್ನೆ ಸೋವಿನ್ಯೋಂ ಎಂಬ ಇನ್ನೊಂದು ಕಪ್ಪು ದ್ರಾಕ್ಷಿ ಜೊತೆ ಬೆರೆಸಿ ಮಾಡುವ 'ಸೆಟ್ಟೆ' ಅವರ ದೊಡ್ಡ ವೈನ್. ಸೆಟ್ಟೆ ಅಂದರೆ ಏಳು.

ಟ್ಯಾನಿನ್ ಅನ್ನುವ ಮಾತು ಪದೇ ಪದೇ ಬರುತ್ತದೆ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ, ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಎಳೆದ ಹಾಗೆ ಆಗುತ್ತದಲ್ಲ, ಅದೇ. ಮೊದಲ ಸಲ ಕೆಂಪು ವೈನ್ ಕುಡಿದವರು ಮುಖ ಕಿವುಚುವುದು ಈ ಒಗರಿಗೇ. ದ್ರಾಕ್ಷಿ ಜ್ಯೂಸ್ ಥರ ಸಿಹಿ ಇರುತ್ತದೆ ಅಂದುಕೊಂಡು ಬಂದರೆ ನಿರಾಸೆ ಗ್ಯಾರಂಟಿ. ಬಹಳಷ್ಟು ವೈನ್‌ನಲ್ಲಿ ಯೀಸ್ಟ್ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿರುತ್ತದೆ.

ಇನ್ನೊಂದು ಮಾತು. ಆ ದಿನ ಸೆಂಟು, ಅತ್ತರು ಹಾಕಿಕೊಳ್ಳಬೇಡಿ. ಮಲ್ಲಿಗೆ ದಂಡೆ ಮುಡಿದು ಬಂದರೆ ಇಡೀ ಮೇಜಿಗೆ ಮಲ್ಲಿಗೆಯದೇ ವಾಸನೆ, ವೈನಿಗೆ ಜಾಗ ಇರುವುದಿಲ್ಲ. ತಂಬಾಕು, ಗುಟ್ಕಾ ಬಾಯಲ್ಲಿದ್ದರೆ ಬರುವುದೇ ದಂಡ.

ಉಗುಳುತ್ತಾರಂತೆ, ನಿಜಾನಾ?

ನಿಜ. ಅದಕ್ಕೇ ಒಂದು ಪಾತ್ರೆ ಇಟ್ಟಿರುತ್ತಾರೆ. ದಿನಕ್ಕೆ ಹತ್ತಾರು ಬಗೆ ರುಚಿ ನೋಡುವವರು ನುಂಗಿದರೆ ಕೆಲಸ ನಡೆಯುವುದಿಲ್ಲ. ನೀವು ಉಗುಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಷ್ಟವಾಗದ್ದನ್ನು ಗ್ಲಾಸಿನಿಂದಲೇ ಅದಕ್ಕೆ ಸುರಿಯಬಹುದು. ದುಡ್ಡು ಕೊಟ್ಟಿದ್ದೀವಿ ಅಂತ ಕಣ್ಣು ಮುಚ್ಚಿ ಕುಡಿಯುವುದು ಬೇಡ.

ಬರೀ ಗುಟುಕು ತಾನೇ? ವಾಪಸ್ ನಾನೇ ಕಾರು ಓಡಿಸ್ತೀನಿ

ಬೇಡ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಲೆಕ್ಕ ಹಾಕೋಣ. ಐದು ಬಗೆ, ಒಂದೊಂದು 40 ಎಂಎಲ್. ಒಟ್ಟು 200 ಎಂಎಲ್. ಶೇಕಡಾ 13ರ ಲೆಕ್ಕದಲ್ಲಿ ಅದರಲ್ಲಿರುವ ಆಲ್ಕೋಹಾಲ್ 60 ಎಂಎಲ್ ವಿಸ್ಕಿಯಲ್ಲಿ ಇರುವಷ್ಟೇ. ಗುಟುಕು ಗುಟುಕಾಗಿ ಬಂದದ್ದಕ್ಕೆ ಗೊತ್ತಾಗುವುದಿಲ್ಲ, ಅಷ್ಟೇ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಈ ಮಿತಿ ದಾಟಲು 150 ಎಂಎಲ್‌ನ ಒಂದು ಗ್ಲಾಸ್ ಸಾಕಾಗಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಬ್ಬಿನ ಸೀಸನ್ ಬೇರೆ. ಕತ್ತಲಾದ ಮೇಲೆ ಹಿಂದೆ ದೀಪ ಇಲ್ಲದ ಕಬ್ಬಿನ ಟ್ರಾಲಿಗಳು ರಸ್ತೆ ತುಂಬ ಇರುತ್ತವೆ. ಕುಡಿಯದವರು ಒಬ್ಬರು ಓಡಿಸಲಿ, ಇಲ್ಲದಿದ್ದರೆ ದಿನದ ಬಾಡಿಗೆಗೆ ಡ್ರೈವರ್ ಮಾಡಿಕೊಳ್ಳಿ. ಡ್ರೈವರ್‌ಗೆ 'ಒಂದು ಗುಟುಕು ನೋಡಪಾ' ಅಂತ ಉಪಚಾರ ಮಾಡಬೇಡಿ.

ಪಂಢರಪುರ ದಾರಿಯಲ್ಲೇ ಇದೆ. ವಿಠೋಬನ ದರ್ಶನ, ವೈನರಿ ಎರಡೂ ಒಂದೇ ದಿನ ಮಾಡಬಹುದಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಧ್ವನಿ ತಗ್ಗಿಸಿ ಕೇಳುತ್ತಾರೆ. ಮಾಡಬಹುದು, ದರ್ಶನ ಮೊದಲು. ಬೆಳಿಗ್ಗೆ ಬೇಗ ಹೊರಟು ಮುಖದರ್ಶನದ ಸಾಲಿಗೆ ನಿಲ್ಲಿ. ಪಾದ ಮುಟ್ಟುವ ಸಾಲಿಗೆ ನಿಂತರೆ ಎಷ್ಟು ತಾಸು ಅಂತ ಹೇಳಲು ಬರುವುದಿಲ್ಲ. ಏಕಾದಶಿ ಮತ್ತು ವಾರದ ರಜೆ ಬಿಟ್ಟು ಬನ್ನಿ.

ವೈನ್ ರುಚಿ ನೋಡಿ ವಾಪಸ್ ಬರುವಾಗ ಗುಡಿಗೆ ಹೋಗುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಮನೆಯಲ್ಲಿ ತುಳಸಿಮಾಲೆ ಹಾಕಿದವರು ಇದ್ದರೆ ಅವರನ್ನು ವೈನರಿಗೆ ಒತ್ತಾಯ ಮಾಡಬೇಡಿ. ಮಾಲೆ ಹಾಕಿದವರು ಮಾಂಸ, ಮದ್ಯ ಎರಡನ್ನೂ ಬಿಟ್ಟಿರುತ್ತಾರೆ. ನಮ್ಮ ಅತ್ತೆ ಪಂಢರಪುರದಲ್ಲೇ ಚಂದ್ರಭಾಗೆ ನದಿ ದಂಡೆಯಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಂಡರು. ಸಂಜೆ ವಾಪಸ್ ಬರುವಾಗ ಹತ್ತಿಸಿಕೊಂಡೆವು. ಕಾರಿನ ಕಿಟಕಿ ಇಳಿಸಿ ಕೂತರು, ಒಂದು ಮಾತೂ ಆಡಲಿಲ್ಲ.

ವಯಸ್ಸು, ಪರ್ಮಿಟ್, ಡ್ರೈ ಡೇ ಏನಾದರೂ ಇದೆಯಾ?

ಮಹಾರಾಷ್ಟ್ರದಲ್ಲಿ ವೈನ್ ಮತ್ತು ಬಿಯರ್‌ಗೆ 21 ವರ್ಷ ಆಗಿರಬೇಕು. ವಿಸ್ಕಿಯಂಥದಕ್ಕೆ 25. ಆಧಾರ್ ಕಾರ್ಡ್ ಇಟ್ಟುಕೊಂಡು ಬನ್ನಿ. 1949ರ ಮದ್ಯ ನಿಷೇಧ ಕಾಯ್ದೆ ಇಲ್ಲಿ ಇನ್ನೂ ಜಾರಿಯಲ್ಲಿದೆ. ಅದರ ಪ್ರಕಾರ ಕುಡಿಯಲು ಪರ್ಮಿಟ್ ಬೇಕು. ಬುಕ್ ಮಾಡುವಾಗಲೇ ಆ ವಿಷಯ ಕೇಳಿಕೊಳ್ಳಿ.

ಡ್ರೈ ಡೇ, ಅಂದರೆ ಮದ್ಯ ಮಾರಬಾರದ ದಿನದ ಬಗ್ಗೆ ನನ್ನ ಪೆದ್ದುತನ ಹೇಳಲೇಬೇಕು. ಮೊದಲ ಸಲ ಎಲ್ಲರಿಗೂ ರಜೆ ಇದೆ ಅಂತ ಅಕ್ಟೋಬರ್ 2ನೇ ತಾರೀಖು ಗೊತ್ತು ಮಾಡಿದ್ದೆ. ಏಳು ಮಂದಿ, ಎರಡು ಕಾರು, ಬುತ್ತಿ ಗಂಟು. ಪಂಢರಪುರ ದಾಟಿದ ಮೇಲೆ ಭಾವ ಕೇಳಿದ, "ಇವತ್ತು ಗಾಂಧಿ ಜಯಂತಿ ಅಲ್ವಾ?" ಕಾರಿನಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ. ಹೋದವರು ಹೊಲದ ಬದುವಿನಲ್ಲಿ ಬುತ್ತಿ ಉಂಡು ವಾಪಸ್ ಬಂದೆವು. ಜನವರಿ 26, ಆಗಸ್ಟ್ 15, ಆಷಾಢಿ ಮತ್ತು ಕಾರ್ತಿಕಿ ಏಕಾದಶಿ, ಚುನಾವಣೆ ದಿನ, ಎಲ್ಲ ಮೊದಲೇ ನೋಡಿಕೊಳ್ಳಿ.

ನಾವು ಶುದ್ಧ ಸಸ್ಯಾಹಾರಿ. ವೈನ್ ನಡೆಯುತ್ತಾ?

ದ್ರಾಕ್ಷಿಯೇ ಅಲ್ವಾ ಅಂತ ಸುಮ್ಮನಾಗಬೇಡಿ. ವೈನ್ ತಿಳಿಯಾಗಲಿ ಅಂತ ಕೊನೆಗೆ ಕೆಲವು ಪದಾರ್ಥ ಹಾಕಿ ಕಸರು ಕೆಳಗಿಳಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಅಂಟು, ಹಾಲಿನ ಕೇಸೀನ್ ಬಳಸುತ್ತಾರೆ. ಬೆಂಟೋನೈಟ್ ಅನ್ನುವ ಜೇಡಿಮಣ್ಣನ್ನೂ ಬಳಸುತ್ತಾರೆ, ಅದರಲ್ಲಿ ಪ್ರಾಣಿಯ ಅಂಶ ಇಲ್ಲ. ಆ ಪದಾರ್ಥವನ್ನು ಆಮೇಲೆ ತೆಗೆದುಬಿಡುತ್ತಾರೆ ನಿಜ, ಆದರೂ ಮನಸ್ಸಿಗೆ ಒಪ್ಪಬೇಕಲ್ಲ. "ಇದನ್ನು ಯಾವುದರಿಂದ ತಿಳಿ ಮಾಡಿದ್ದು?" ಅಂತ ಬಗೆ ಬಗೆಗೂ ಕೇಳಿ. ಈ ಪ್ರಶ್ನೆ ಕೇಳಿದರೆ ಅವರೂ ನಿಮ್ಮನ್ನು ಸ್ವಲ್ಪ ಗಂಭೀರವಾಗಿ ನೋಡುತ್ತಾರೆ.

ಊಟಕ್ಕೆ ಏನು?

ಖಾಲಿ ಹೊಟ್ಟೆಯಲ್ಲಿ ರುಚಿ ನೋಡಬೇಡಿ. ಬೆಳಿಗ್ಗೆ ಗಟ್ಟಿಯಾಗಿ ತಿಂದು ಬನ್ನಿ. ಅಲ್ಲಿ ಊಟ ಬೇಕಾದರೆ ಮೊದಲೇ ಹೇಳಬೇಕು.

ವೈನ್ ಜೊತೆ ಚೀಸ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪ್ರಯೋಗ ಮಾಡಿದ್ದೇವೆ. ಕಟಕ ರೊಟ್ಟಿ, ಶೇಂಗಾ ಚಟ್ನಿಗೆ ಒಗರು ಜಾಸ್ತಿ ಇರುವ ಕೆಂಪು ವೈನ್ ಹೊಂದುವುದಿಲ್ಲ. ಖಾರ, ಒಗರು ಎರಡೂ ಸೇರಿ ಬಾಯಿ ಉರಿಯುತ್ತದೆ. ತಣ್ಣಗಿನ ಶೆನಿನ್ ಬ್ಲಾಂಕ್ ಚೆನ್ನಾಗಿ ಹೊಂದಿತು, ಅದರ ಮೆತ್ತಗಿನ ಸಿಹಿ ಖಾರವನ್ನು ಇಳಿಸುತ್ತದೆ. ಎಣ್ಣೆಗಾಯಿಗೆ ರೋಸೆ. ಝುಣಕಕ್ಕೆ ಯಾವುದೂ ಹೊಂದಲಿಲ್ಲ. ಝುಣಕಕ್ಕೆ ಮಜ್ಜಿಗೆಯೇ ಸರಿ.

ಹೆಂಗಸರು ಬರಬಹುದಾ? ಮಕ್ಕಳು? ಕುಡಿಯದವರು?

ಎಲ್ಲರೂ ಬರಬಹುದು. ನಾನು ಕಂಡ ಹಾಗೆ ಅಲ್ಲಿ ಬರುವ ಗುಂಪುಗಳಲ್ಲಿ ಹೆಂಗಸರೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮೊದಲು ಒಲ್ಲೆ ಅಂದಿದ್ದರು. ಮನೆಯ ಹುಡುಗರು 'ವೈನಿಗೆ ವೈನ್ ಬೇಡಂತೆ' ಅಂತ ದಿನಾ ಕಾಡಿದರು. ಕೊನೆಗೆ ಬಂದರು. ಐದರಲ್ಲಿ ಮೂರನ್ನು ಮೂಸಿ ಮಾತ್ರ ನೋಡಿದರು, ಒಂದೂ ಕುಡಿಯಲಿಲ್ಲ. ಗೈಡ್ ಕೇಳಿದಾಗ ಎಲ್ಲರಿಗಿಂತ ಸರಿಯಾಗಿ ವಾಸನೆ ಹೆಸರಿಸಿದವರು ಅವರೇ. ಮೂವತ್ತು ವರ್ಷ ಮಸಾಲೆ ಹುರಿದ ಮೂಗು ಅದು.

ಮಕ್ಕಳಿಗೆ ಪಡದಲ್ಲಿ ಓಡಾಟ, ಅಷ್ಟೇ. 'ಒಂದು ಹನಿ ನಾಲಿಗೆಗೆ ಹಚ್ಚೋಣ' ಅನ್ನುವ ತಮಾಷೆ ಬೇಡ. ಗೊಂಚಲು ಕಿತ್ತು ತಿನ್ನಲೂ ಬಿಡಬೇಡಿ, ಔಷಧಿ ಹೊಡೆದಿರಬಹುದು.

ವೈನ್ ಹೃದಯಕ್ಕೆ ಒಳ್ಳೇದಂತಲ್ಲ?

ಔಷಧಿ ಅಂತ ಕುಡಿಯಲು ಬರಬೇಡಿ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಸುರಿಯರಿಗೆ ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಬಾಟಲಿ ಕೊಂಡು ಕರ್ನಾಟಕಕ್ಕೆ ತರಬಹುದಾ?

ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಆದರೆ ಗಡಿ ದಾಟಿಸುವ ಮಾತಿಗೆ ನಾನು ಹೂಂ ಅನ್ನುವುದಿಲ್ಲ. ಅಬಕಾರಿ ಒಂದೊಂದು ರಾಜ್ಯದ್ದು, ತೆರಿಗೆಯೂ ಬೇರೆ. ಮಹಾರಾಷ್ಟ್ರದಲ್ಲಿ ಮಾರಲು ತೆರಿಗೆ ಕಟ್ಟಿದ ಬಾಟಲಿಯನ್ನು ಇನ್ನೊಂದು ರಾಜ್ಯಕ್ಕೆ ಒಯ್ಯಲು ಅಲ್ಲಿನ ನಿಯಮ ಒಪ್ಪಬೇಕು. ಚೆಕ್‌ಪೋಸ್ಟಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ವಾದ ಮಾಡುವುದಕ್ಕಿಂತ ಬೇಕಾದ ಹೆಸರು ಬರೆದುಕೊಂಡು ಹೋಗಿ ನಿಮ್ಮ ಊರಲ್ಲೇ ಹುಡುಕಿ. ಸೋಲಾಪುರದವರಿಗೆ ಈ ತಾಪತ್ರಯ ಇಲ್ಲ, ಅದಕ್ಕೇ ನೆಂಟರ ಬಾಟಲಿಗಳೆಲ್ಲ ನಮ್ಮ ಮನೆಯಲ್ಲಿ ಉಳಿಯುತ್ತವೆ.

ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದಂತಲ್ಲ ಅಂತ ಕೆಲವರು ಕೇಳುತ್ತಾರೆ. ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಬಿಡಬೇಕು ಅಂತ ಮಹಾರಾಷ್ಟ್ರದ ಸಂಪುಟ 2022ರ ಜನವರಿಯಲ್ಲಿ ತೀರ್ಮಾನ ಮಾಡಿತ್ತು, ಅದಕ್ಕೆ ದೊಡ್ಡ ಗಲಾಟೆಯೂ ಆಯಿತು. ಅದನ್ನು ನಂಬಿಕೊಂಡು ಕಿರಾಣಿ ಚೀಲ ಹಿಡಿದು ಹೋಗಬೇಡಿ.

ಕೊಂಡ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಒಳಗೆ ಕುದ್ದುಹೋಗುತ್ತದೆ.

ಹಳೆಯದಾದಷ್ಟೂ ರುಚಿ ಅಂತಾರೆ. ಇಟ್ಟುಕೊಳ್ಳಲಾ?

ಎಲ್ಲಕ್ಕೂ ಆ ಮಾತು ಸಲ್ಲುವುದಿಲ್ಲ. ಬಿಳಿ ಮತ್ತು ರೋಸೆ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಿ. ಕೆಲವು ಗಟ್ಟಿ ಕೆಂಪು ವೈನ್‌ಗಳು ಮಾತ್ರ ವರ್ಷಗಟ್ಟಲೆ ತಾಳುತ್ತವೆ, ಅದೂ ತಣ್ಣಗಿನ ಕತ್ತಲ ಜಾಗದಲ್ಲಿ. ಸೋಲಾಪುರದ ಬೇಸಿಗೆಯಲ್ಲಿ ಷೋಕೇಸಿನಲ್ಲಿ ಇಟ್ಟ ಬಾಟಲಿ ಹಣ್ಣಾಗುವುದಿಲ್ಲ, ಕೊಳೆಯುತ್ತದೆ. ನಮ್ಮ ಒಬ್ಬ ನೆಂಟರು ಮಗನ ಮದುವೆಗೆ ಅಂತ ಟಿವಿ ಪಕ್ಕ ಇಟ್ಟಿದ್ದರು. ಮಗ ಮದುವೆಗೆ ಒಪ್ಪುವ ಹೊತ್ತಿಗೆ ಅದು ವಿನೆಗರ್ ಆಗಿತ್ತು. ತೆರೆದ ಬಾಟಲಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರ್ನಾಲ್ಕು ದಿನ.

ಬುಕ್ ಮಾಡುವಾಗ ಏನೇನು ಕೇಳಬೇಕು?

ಹೇಳದೆ ಹೋಗಬೇಡಿ, ಗೇಟಿನಲ್ಲೇ ಉಳಿಯುತ್ತೀರಿ. ಎಷ್ಟು ಬಗೆ ಕೊಡುತ್ತಾರೆ, ಪಡ ತೋರಿಸುತ್ತಾರಾ ಅಥವಾ ಬರೀ ರುಚಿಯಾ, ಕುಡಿಯದವರಿಗೂ ಅದೇ ದರವಾ, ಬೆಳ್ಳುಳ್ಳಿ ಈರುಳ್ಳಿ ಇಲ್ಲದ ಊಟ ಆಗುತ್ತಾ. ಬೆಳಗಿನ ಹೊತ್ತು ಕೇಳಿ, ಮಧ್ಯಾಹ್ನದ ಬಿಸಿಲಲ್ಲಿ ಪಡದಲ್ಲಿ ನಡೆಯಲಾಗದು. ಟೋಪಿ, ನೀರು, ಮುಚ್ಚಿದ ಚಪ್ಪಲಿ ಇರಲಿ. ಮಾತು ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕನ್ನಡಕ್ಕೆ ನಾನಿದ್ದೇನೆ.

ಮತ್ತೆ ಯಾವಾಗ ಹೋಗ್ತೀರಿ? ನಾವೂ ಬರಬಹುದಾ?

ಬರುವ ಫೆಬ್ರವರಿಗೆ, ನಡುವಾರದಲ್ಲಿ. ಕಾಕಾ ಈ ಸಲ ಬ್ರಿಕ್ಸ್ ಅಳೆಯುವ ತಮ್ಮದೇ ಮೀಟರ್ ತರುತ್ತಾರಂತೆ, ಆ ಹುಡುಗ ಹೇಳಿದ್ದು ನಿಜವೋ ಸುಳ್ಳೋ ನೋಡಬೇಕಂತೆ. ವೈನಿ ಹೆಸರು ಮೊದಲೇ ಬರೆಸಿದ್ದಾರೆ. ಕಾರಿನಲ್ಲಿ ಇನ್ನೊಂದು ಸೀಟು ಖಾಲಿ ಇದೆ. ಡ್ರೈವರ್ ಸೀಟು.